ಗೇಟಿನ ಮೇಲಿನ ಸಮಾನತೆ

ಶಹಾಪುರದ ನಮ್ಮ ಹತ್ತಿ ಮಿಲ್ಲನ್ನು ಹೊಸ ಕಂಪನಿ ಕೊಂಡಮೇಲೆ ಸಮಾನತೆಯ ಕಾಟವಿಲ್ಲದ ವಾರವೇ ಇಲ್ಲ. ಕಸ ಗುಡಿಸಲು ಸೇರಿ, ಹತ್ತಿಯ ಗುಣಮಟ್ಟ ನೋಡುವ ಕೆಲಸದವರೆಗೆ ಬಂದವಳು ನಾನು. ಯಾರ ಶಿಫಾರಸೂ ಇಲ್ಲ. ಶಿಫ್ಟ್ ಉಸ್ತುವಾರಿಯ ಜಾಗ ಖಾಲಿಯಾದಾಗ ಅದು ನನಗೇ ಬರಬೇಕೆಂದು ಹಟ ಹಿಡಿದೆ.

ಬೋರ್ಡು

ಗೇಟಿನ ಮೇಲೆ ‘ಇಲ್ಲಿ ಎಲ್ಲರೂ ಸಮಾನರು’ ಎಂದು ಬರೆಸಿದರು. ಓದಿ, ಎದೆಯುಬ್ಬಿಸಿ ಒಳಗೆ ಹೊರಟೆ. ವಾಚ್‌ಮನ್ ಅಡ್ಡ ಬಂದ.

“ಅಕ್ಕಾರ, ಹೆಣ್ಮಕ್ಳು ಹಿಂದಿನ ಬಾಗಿಲಿಂದ ಹೋಗ್ಬೇಕಂತ್ರಿ.”

“ಯಾಕೋ?”

“ಬೋರ್ಡಿಂದು ಫೋಟೋ ತೆಗ್ಯಾಕತ್ತಾರ. ನೀವು ನಡುವ ಬರ್ತೀರಿ.”

ಎರಡು ಅಭಿಪ್ರಾಯ

ಉಸ್ತುವಾರಿ ಕೆಲಸ ಕೇಳಲು ಮ್ಯಾನೇಜರ್ ಸಾಹೇಬರ ಕೋಣೆಗೆ ಹೋದೆ.

“ಮನಿ, ಮಕ್ಕಳು ನೋಡ್ಕೊಳ್ಳೋರು ನೀವು. ಈ ಉಸಾಬರಿ ಯಾಕವ್ವಾ?” ಅಂದರು.

“ಬೋರ್ಡಿನ ಮ್ಯಾಲ ಬ್ಯಾರೆ ಬರ್ಸೀರಲ್ರಿ?”

“ಅದು ಕಂಪನಿ ಅಭಿಪ್ರಾಯ. ಇದು ನಂದು.”

“ಪಗಾರ ಯಾವ ಅಭಿಪ್ರಾಯಕ್ಕ ತಗೋತೀರಿ?”

ಸಾಹೇಬರು ಫ್ಯಾನು ನೋಡಿದರು. ಆಮೇಲೆ ಗಂಟೆ ಬಾರಿಸಿ ಚಹಾ ತರಿಸಿದರು. ಒಂದೇ ಕಪ್ಪು. ತಾವೇ ಕುಡಿದರು.

ಒಲೆ

ಕೊನೆಗೆ, ಉಸ್ತುವಾರಿಗೆ ಹೆಣ್ಣುಮಗಳನ್ನೇ ನೇಮಿಸಿರಿ ಎಂದು ಮೇಲಿನಿಂದ ಹುಕುಂ ಬಂತು. ಕೆಲಸ ನನ್ನದಾಯಿತು. ಘೋಷಣೆ ಮಹಿಳಾ ದಿನದಂದು, ಕಂಪನಿಯ ದೊಡ್ಡ ಸಾಹೇಬರ ಎದುರಿಗೆ. ಅಂದು ಅತಿಥಿಗಳಿಗೆ ರೊಟ್ಟಿ ಬಡಿಯುವ ಕೆಲಸವೂ ಮಿಲ್ಲಿನ ಹೆಣ್ಣುಮಕ್ಕಳಾದ ನಮ್ಮದೇ. ಕೇಳುವವರಿಲ್ಲದೆ ಪೆಂಡಾಲು ಖಾಲಿ ಹೊಡೆಯಿತೆಂದು ನಮ್ಮನ್ನು ಕರೆತಂದು ಕೂರಿಸಿದರು. ಮ್ಯಾನೇಜರು ಮೈಕಿನಲ್ಲಿ, “ಹೆಣ್ಣು ಒಲೆಯ ಮುಂದಿನಿಂದ ಹೊರಬರಬೇಕು!” ಎಂದು ಗುಡುಗಿದರು. ನಾವು ಚಪ್ಪಾಳೆ ತಟ್ಟಿದೆವು. ಅವರು ವೇದಿಕೆಯಿಂದ ಬಗ್ಗಿ ಕೇಳಿದರು:

“ಒಲಿ ಹಂಗs ಬಿಟ್ಟು ಬಂದ್ರೇನು? ರೊಟ್ಟಿ ಸೀದು ಹೋದಾವು, ಓಡ್ರಿ!”

ಶಾಲು

ಸನ್ಮಾನಕ್ಕೆ ನನ್ನ ಹೆಸರು ಕರೆದರು. ಕೆಂಭಾವಿ ಸಂತೆಯಲ್ಲಿ ಮೆಣಸಿನಕಾಯಿ ಮಾರುವ ನನ್ನ ಗಂಡನನ್ನೂ ಕರೆದರು. ಪರಗಂಡಸು ಹೆಣ್ಣುಮಗಳಿಗೆ ಶಾಲು ಹೊದಿಸಬಾರದಂತೆ. ನನಗೆ ಒಂದು ತೆಂಗಿನಕಾಯಿ, ಕುಬಸದ ಖಣ ಕೊಟ್ಟು ಉಡಿ ತುಂಬಿಸಿದರು. ಶಾಲು ಗಂಡನ ಹೆಗಲಿಗೆ. ಹಾರ ಅವನ ಕೊರಳಿಗೆ. ಪಟಗಾ ಅವನ ತಲೆಗೆ. ನನಗೆ ಮೈಯೆಲ್ಲ ಉರಿಯಿತು. ಅಷ್ಟರಲ್ಲಿ ದೊಡ್ಡ ಸಾಹೇಬರು ಉಸ್ತುವಾರಿಯ ಕೀಲಿ ಗೊಂಚಲನ್ನೂ ಅವನ ಕೈಗೇ ಕೊಟ್ಟು, “ನಿಮ್ಮ ಮನೆಯವರಿಗೆ ತಲುಪಿಸಿಬಿಡಿ” ಎಂದರು.

ಗಂಡ ಹಾವು ಹಿಡಿದವನಂತೆ ಗೊಂಚಲನ್ನು ದೂರ ಚಾಚಿ, ಮೈಕಿನ ಮುಂದೆಯೇ ಅಂದ:

“ಸಾಹೇಬ್ರ, ಮನ್ಯಾಗಿನ ಟ್ರಂಕಿನ ಕೀಲಿನs ಆಕಿ ಇವತ್ತಿನ ತನಕ ನನಗ ಮುಟ್ಟಾಕ ಬಿಟ್ಟಿಲ್ರಿ. ಇದನ್ನ ನೀವs ಆಕಿ ಕೈಯಾಗ ಕೊಡ್ರಿ. ನಾನು ಸಂಜಿಗೆ ಮನಿಗಿ ಹೋಗ್ಬೇಕು!”