ಗಾಡಿ ಬಾರದ ದಾರಿ

ಹಾರ್ನ್ ಸದ್ದು ಕಿವಿಗೆ ಬಿದ್ದರೆ ಸಾಕು, ಪ್ರಭುದೇವನಿಗೆ ಮೈಯೆಲ್ಲ ಉರಿಯುತ್ತಿತ್ತು. ಮಧುಗಿರಿ ಬಸ್‌ಸ್ಟ್ಯಾಂಡಿನ ಎದುರಿಗೇ ಅವನ ಜೆರಾಕ್ಸ್ ಅಂಗಡಿ. ಬಸ್ಸಿನವನು ಹಿಂದಕ್ಕೆ ತೆಗೆಯುವಾಗ ಒತ್ತುತ್ತಾನೆ, ಮುಂದಕ್ಕೆ ಹೋಗುವಾಗ ಒತ್ತುತ್ತಾನೆ, ನಿಂತಲ್ಲೇ ಬೇಜಾರಾದರೂ ಒತ್ತುತ್ತಾನೆ. ಪಹಣಿ ತೆಗೆಸಲು ಬಂದವರು ಊರಿನ ಹೆಸರು ಹೇಳುವಷ್ಟರಲ್ಲಿ ಒಂದು ಟೆಂಪೋ, ಸರ್ವೆ ನಂಬರ್ ಹೇಳುವಷ್ಟರಲ್ಲಿ ಎರಡು ಆಟೋ. ವಾರವಿಡೀ ಹಲ್ಲು ಕಡಿದೂ ಕಡಿದೂ ದವಡೆ ನೋವು ಬಂದು ಡಾಕ್ಟರ ಹತ್ತಿರ ಹೋದರೆ ಅವರು, "ಕೋಪ ಕಡಿಮೆ ಮಾಡ್ಕೊಳ್ಳಿ. ಗಾಡಿ ಓಡಾಡದ ಕಡೆ ಸೈಕಲ್ ತುಳೀರಿ" ಅಂದರು. ಅದನ್ನು ಹೇಳುವಾಗಲೂ ಹೊರಗೆ ಯಾವನೋ ಒತ್ತುತ್ತಲೇ ಇದ್ದ.

ಹಾಗೆ ಬಂದದ್ದು ಆ ಸೈಕಲ್ಲು. ದಪ್ಪ ಹಲ್ಲಿನ ಟೈರು, ಟಗರಿನ ಕೊಂಬಿನಂತೆ ಬಾಗಿದ ಹ್ಯಾಂಡಲ್ಲು, ಹಿಂದೆ ಗೇರು. ಜಲ್ಲಿ ದಾರಿಗೆಂದೇ ಮಾಡಿದ್ದು. ಐ.ಡಿ.ಹಳ್ಳಿ ಕಡೆ ಗುಡ್ಡಗಳ ಬುಡ ಬಳಸಿಕೊಂಡು ಹೋಗುವ ಒಂದು ಜಲ್ಲಿ ದಾರಿಯನ್ನೂ ಅವನು ಪತ್ತೆ ಮಾಡಿದ್ದ. ಅಲ್ಲಿ ಬಸ್ಸಿಲ್ಲ, ಲಾರಿಯಿಲ್ಲ, ಹಾರ್ನಂತೂ ಇಲ್ಲವೇ ಇಲ್ಲ. ವಾರಕ್ಕೊಂದು ಬೆಳಗ್ಗೆ ಆ ನೆಮ್ಮದಿ ಸಿಕ್ಕರೆ ಮಿಕ್ಕ ದಿನ ಹೇಗೋ ತಳ್ಳಬಹುದು ಎಂದುಕೊಂಡಿದ್ದ.

ಆದರೆ ಮೊದಲ ಭಾನುವಾರ ಟೈರಿಗೆ ಜಾಲಿಮುಳ್ಳು ಚುಚ್ಚಿ ಹಾಲಿನ ವ್ಯಾನಿನಲ್ಲಿ ಮನೆಗೆ ಬಂದ. ಎರಡನೆಯ ಭಾನುವಾರ ಮುಳ್ಳೂ ಇರಲಿಲ್ಲ, ಮಣ್ಣೂ ಇರಲಿಲ್ಲ. ಅವನ ಅಂಗಡಿಗೆ ಬರುವ ಗಿರಾಕಿಯೊಬ್ಬ, "ಪಾಪ, ಸ್ವಾಮಿಯೋರು ಬಿಸ್ಲಲ್ಲಿ ತುಳೀತಾವ್ರೆ" ಎಂದು ಮರುಗಿ, ಅವನು ಬೇಡಬೇಡ ಎನ್ನುತ್ತಿದ್ದರೂ ಸೈಕಲ್ಲನ್ನು ಎತ್ತಿ ತನ್ನ ಟ್ರ್ಯಾಕ್ಟರಿಗೆ ಹಾಕಿಕೊಂಡ. ಹೆಂಡತಿ ಭುವನಾ ಅವತ್ತೇ ತೀರ್ಪು ಕೊಟ್ಟಳು.

"ಇನ್ನೊಂದೇ ಸಲ ನೋಡ್ತೀನಿ ಕಣ್ರೀ. ಮುಂದಿನ ಭಾನುವಾರ ಊಟದ ಹೊತ್ತಿಗೆ ನೀವೇ ತುಳ್ಕೊಂಡು ಬಂದ್ರೆ ಸೈಕಲ್ ಇರುತ್ತೆ. ಇನ್ನೊಬ್ಬರ ಗಾಡೀಲಿ ಹೇರ್ಕೊಂಡು ಬಂದ್ರೆ ಚಿರಂಜೀವಿಗೆ ಕೊಟ್ಬಿಡ್ತೀನಿ. ಬೀದಿಯೋರೆಲ್ಲ ನಗ್ತಾ ಇದಾರೆ."

ಚಿರಂಜೀವಿ ಅವಳ ತಮ್ಮ. ತವರಿನ ಹಳ್ಳಿಯಲ್ಲೇ ಇದ್ದುಕೊಂಡು ಗೂಡ್ಸ್ ಆಟೋ ಓಡಿಸುತ್ತಾನೆ. ಹಾರ್ನ್ ಒತ್ತುವುದರಲ್ಲಿ ಬಸ್ಸಿನವರನ್ನೂ ಮೀರಿಸಿದವನು. ಅವನ ಕೈಗೆ ಸೈಕಲ್ ಹೋಗುವುದನ್ನು ನೆನೆದೇ ಪ್ರಭುದೇವನ ದವಡೆ ಬಿಗಿಯಿತು.

ಮೂರನೆಯ ಭಾನುವಾರ ಚಳಿ ಇಳಿಯುವ ಮುಂಚೆಯೇ ಸೈಕಲ್ ಹೊರಗೆ ತೆಗೆದ. ಎದುರು ಮನೆಯ ಶಿವರುದ್ರಮ್ಮ ಜಗಲಿಯ ಮೇಲೆ ಕುಳಿತು ಅವರೆಕಾಯಿ ಸುಲಿಯುತ್ತಿದ್ದರು.

"ಏನಪ್ಪಾ ಪ್ರಭು, ಬೈಕು ಮಾರ್ಬುಟ್ಯಾ?"

"ಇಲ್ಲ ಅಜ್ಜಿ, ಒಳಗೇ ಇದೆ."

"ಇದ್ರೆ ಯಾಕಪ್ಪಾ ಇದು?"

ಹಿಂದಿನ ಎರಡು ವಾರವೂ ಅವರು ಇದನ್ನೇ ಕೇಳಿದ್ದರು. ಹಲ್ಲು ಕಚ್ಚಿಕೊಂಡು ಹೊರಟ.

ಊರು ದಾಟಿ, ಕೆರೆ ಏರಿ ದಾಟಿ, ಜಲ್ಲಿ ದಾರಿಗೆ ಚಕ್ರ ಇಳಿದಾಗ ಅವನ ದವಡೆ ತಾನಾಗಿಯೇ ಸಡಿಲವಾಯಿತು. ಟೈರಿನಡಿ ಜಲ್ಲಿ ಕರಕರ ಎನ್ನುವುದು ಬಿಟ್ಟರೆ ಬೇರೆ ಸದ್ದಿಲ್ಲ. ಬಲಕ್ಕೆ ಬಂಡೆಗುಡ್ಡ, ಎಡಕ್ಕೆ ಹುಣಿಸೆಮರಗಳು, ದೂರದಲ್ಲಿ ಯಾರದೋ ಕುರಿಮಂದೆ. ಏರು ಬಂದಾಗ ಗೇರು ಇಳಿಸಿದ, ಇಳಿಜಾರಿನಲ್ಲಿ ಕಾಲು ಬಿಟ್ಟ. ಗಾಳಿಗೆ ಎದೆಯೊಡ್ಡಿ ಹೋಗುವಾಗ, ಈ ಲೋಕದಲ್ಲಿ ಗಾಡಿಗಳನ್ನು ಕಂಡುಹಿಡಿದವನನ್ನೂ ಕ್ಷಮಿಸಬಹುದು ಎನಿಸಿತು.

ಆ ಔದಾರ್ಯ ಬಂಡೆಹಟ್ಟಿಯವರೆಗೆ ಮಾತ್ರ ಉಳಿಯಿತು. ಯಾವ ಪುಣ್ಯಾತ್ಮ ಹಾಕಿಸಿದನೋ, ಆ ಹಳ್ಳಿಯ ಮುಂದೆ ಮಾತ್ರ ಒಂದಿಷ್ಟುದ್ದ ಟಾರು ರಸ್ತೆ ಇತ್ತು. ಅತ್ತಲೂ ಜಲ್ಲಿ, ಇತ್ತಲೂ ಜಲ್ಲಿ, ನಡುವೆ ಕನ್ನಡಿಯಂಥ ಟಾರು. ಅದರ ಮೇಲೆ ಈ ತುದಿಯಿಂದ ಆ ತುದಿಗೆ, ಒಂದು ಗೇಣೂ ಬಿಡದೆ, ಕಿತ್ತು ತಂದ ಹುರುಳಿ ಗಿಡ ಹಾಸಿದ್ದರು. ಓಡಾಡುವ ಗಾಡಿಗಳ ಚಕ್ರಕ್ಕೆ ಸಿಕ್ಕಿ ಕಾಳು ಉದುರಲಿ ಎಂದು ಸುಗ್ಗಿಯಲ್ಲಿ ಈ ಸೀಮೆಯವರೆಲ್ಲ ಮಾಡುವ ಕೆಲಸವೇ. ಒಕ್ಕಣೆಯ ಅರ್ಧ ಶ್ರಮ ದಾರಿಹೋಕರ ಪಾಲಿಗೆ.

"ಯಾರ್ರೀ ಇದು ಹಾಸಿರೋರು? ರಸ್ತೆ ಏನು ನಿಮ್ಮನೆ ಕಣಾನಾ?" ಪ್ರಭುದೇವ ಅರಚಿದ.

ಬೇವಿನ ಮರದಡಿ ಕುಳಿತಿದ್ದ ಅಶ್ವತ್ಥಮ್ಮ ಎಂಬ ಹೆಂಗಸು ನಿಧಾನವಾಗಿ ತಲೆಯೆತ್ತಿದಳು. "ಹೂಂ ಕಣಪ್ಪ, ನಂದೇಯ. ಮೊನ್ನೆಯಿಂದ ಹಾಸ್ಕಂಡು ಕುಂತಿವ್ನಿ, ಒಂದು ಗಾಡಿ ಇತ್ಲಾಗೆ ತಲೆ ಹಾಕ್ಲಿಲ್ಲ. ನೀನಾದ್ರೂ ಬಂದ್ಯಲ್ಲ. ಓಗು, ನಡೂಕೇ ಓಗು."

ಗಾಡಿಯಿಲ್ಲ ಎಂಬ ಒಂದೇ ಕಾರಣಕ್ಕೆ ಅವನು ಹುಡುಕಿಕೊಂಡು ಬಂದ ದಾರಿ. ಗಾಡಿಯಿಲ್ಲ ಎಂಬ ಒಂದೇ ಕಾರಣಕ್ಕೆ ಇವಳು ಗಾಡಿಗಾಗಿ ಕಾದು ಕುಳಿತ ದಾರಿ. ಇಳಿದು ಪಕ್ಕದ ಹೊಲದಲ್ಲಿ ತಳ್ಳಿಕೊಂಡು ಹೋಗಬಹುದಿತ್ತು. ಸಿಟ್ಟು ಬಿಡಲಿಲ್ಲ. ಹುರುಳಿಯ ಮೇಲೇ ರೊಯ್ಯನೆ ನುಗ್ಗಿದ. ಅರ್ಧ ದಾರಿ ಹೋಗುವಷ್ಟರಲ್ಲಿ ಬಳ್ಳಿಯೆಲ್ಲ ಚೈನಿಗೆ, ಗೇರಿಗೆ ಸುತ್ತಿಕೊಂಡು ಚಕ್ರ ನಿಂತಿತು. ಪ್ರಭುದೇವ ಹುರುಳಿಯ ಮೇಲೆ ಮೆತ್ತಗೆ ಮಗುಚಿಕೊಂಡ.

"ಅಯ್ಯೋ, ಅತ್ಲಾಗೆ ಬೀಳಬಾರ್ದಾ, ಅಲ್ಲಿ ಗಿಡ ಜಾಸ್ತಿ ಐತೆ" ಎಂದಳು ಅಶ್ವತ್ಥಮ್ಮ.

ಸದ್ದು ಕೇಳಿ ಅವಳ ಗಂಡ ಗಂಗಹನುಮಯ್ಯ, ಸೊಸೆ ಅಶ್ವಿನಿ ಓಡಿ ಬಂದರು. ಗಂಗಹನುಮಯ್ಯ ಅವನ ಮುಖ ನೋಡಿ ಹಿಗ್ಗಿದ. "ಇವ್ರು ನಮ್ಮ ಜೆರಾಕ್ಸ್ ಅಂಗ್ಡಿ ಸ್ವಾಮಿಯೋರು ಕಣೇ. ಯೋಚ್ನೆ ಮಾಡ್ಬ್ಯಾಡಿ ಸ್ವಾಮಿ, ಐ.ಡಿ.ಹಳ್ಳಿಯಿಂದ ಟ್ಯಾಕ್ಟ್ರು ಕರೆಸ್ತೀನಿ. ನೀವೂ ಸೈಕಲ್ಲೂ ಸುಖವಾಗಿ ಮನೆ ಸೇರ್ಕಬೋದು. ಅಂಗೇ ಹುರುಳೀನೂ ತುಳಿದಂಗಾಯ್ತದೆ."

"ಟ್ರ್ಯಾಕ್ಟರ್ ಬೇಡ" ಎಂದು ಪ್ರಭುದೇವ ಚೀರಿದ.

"ಟ್ಯಾಕ್ಟ್ರು ಬ್ಯಾಡ" ಎಂದು ಅಶ್ವತ್ಥಮ್ಮನೂ ಅದೇ ಹೊತ್ತಿಗೆ ಹೇಳಿದಳು. ಅವಳು ಸೈಕಲ್ ಹೋದ ಜಾಡಿನಲ್ಲಿ ಕುಕ್ಕರಗಾಲಿನಲ್ಲಿ ಕೂತು, ಕಾಳನ್ನು ಅಂಗೈಗೆ ಹಾಕಿಕೊಂಡು ನೋಡುತ್ತಿದ್ದಳು. "ಟ್ಯಾಕ್ಟ್ರು ಮ್ಯಾಲೆ ಹತ್ತಿದ್ರೆ ಅರ್ಧ ಕಾಳು ಒಡೆದು ಬೇಳೆ ಆಗೋಯ್ತದೆ. ಇಲ್ಲಿ ನೋಡು, ಒಂದೂ ಒಡೆದಿಲ್ಲ. ಟೈರಲ್ಲಿ ಹಲ್ಲೈತೆ, ಭಾರ ಇಲ್ಲ. ಹೆಂಗೆ ಬುಡಿಸೈತೆ ನೋಡು."

ಗಂಡ ಹೆಂಡತಿ ಇಬ್ಬರೂ ತಲೆಯೆತ್ತಿ ಪ್ರಭುದೇವನನ್ನು ನೋಡಿದರು. ಜಾತ್ರೆಯಲ್ಲಿ ಎತ್ತಿನ ಹಲ್ಲು ನೋಡುವವರ ನೋಟ ಅದು.

ಒಪ್ಪಂದ ಬೇಗ ಮುಗಿಯಿತು. ಗಂಗಹನುಮಯ್ಯ ಚೈನು ಬಿಡಿಸಿ ಕೊಡಬೇಕು, ಪ್ರಭುದೇವ ಒಂದಿಷ್ಟು ಸುತ್ತು ತುಳಿಯಬೇಕು. ಬೇಡವೆಂದರೆ ಟ್ರ್ಯಾಕ್ಟರು, ಟ್ರ್ಯಾಕ್ಟರೆಂದರೆ ಸೈಕಲ್ಲು ಚಿರಂಜೀವಿಯದು. ಗಂಗಹನುಮಯ್ಯ ಕುಡುಗೋಲಿನಿಂದ ಬಳ್ಳಿ ಕೊಯ್ದು ತೆಗೆದು, ಗೊಬ್ಬರದ ಚೀಲ ಹರಿದು ಚೈನಿಗೆ ಮರೆ ಕಟ್ಟಿದ. ಗಿಡವನ್ನು ತೆಳ್ಳಗೆ ಕೆದರಿದರು. ಪ್ರಭುದೇವ ಹತ್ತಿದ.

ಹಳ್ಳಿಯ ಹೆಂಗಸರೆಲ್ಲ ಬೇವಿನ ಮರದಡಿ ಸೇರಿದರು. "ಅಂಚು ಬುಟ್ಟೆ ಕಣಪ್ಪ", "ಇಂಗೆ ಬಾ, ಇತ್ಲಾಗೆ", "ಅಲ್ಲಿ ಆಗಲೇ ತುಳಿದಾಯ್ತು, ಕಣ್ಣು ಕಾಣಕಿಲ್ವಾ" ಎಂದು ಆಜ್ಞೆಗಳು ಬಂದವು. ಅಶ್ವಿನಿ ಮೊಬೈಲು ಹಿಡಿದು ವಿಡಿಯೋ ಮಾಡತೊಡಗಿದಳು. ಪ್ರಭುದೇವನಿಗೆ ಎಷ್ಟು ರೇಗಿತೆಂದರೆ ಪೆಡಲ್ ಮುರಿಯುವಂತೆ ತುಳಿದ. ಕಾಳು ಪಟಪಟ ಸಿಡಿಯಿತು. ಇದನ್ನು ಅಶ್ವತ್ಥಮ್ಮ ಗಮನಿಸಿದಳು. ಆ ಹೆಂಗಸಿಗೆ ಬುದ್ಧಿ ಚುರುಕು.

ಸಿಟ್ಟು ಇಳಿದು ಅವನ ವೇಗ ಕಡಿಮೆಯಾದ ಕೂಡಲೇ, "ನಮ್ಮ ಮುದಿ ಎತ್ತೇ ವಾಸಿ" ಎಂದು ಗಾಳಿಗೆ ಹೇಳುವವಳಂತೆ ಹೇಳಿದಳು. ಅವನು ಹಾರಿಬಿದ್ದು ತುಳಿದ. ಮತ್ತೆ ನಿಧಾನವಾದಾಗ, "ಓದ್ಸಲ ಇವ್ರ ಅಂಗ್ಡೀಲಿ ತೆಗೆಸಿದ ಪಹಣೀಲಿ ಒಂದಕ್ಷರ ಕಾಣ್ತಿರ್ಲಿಲ್ಲ" ಎಂದಳು.

"ಅದು ನಿಮ್ಮ ಕಣ್ಣಿನ ದೋಷ, ನನ್ನ ಮಿಷಿನ್ ಹೊಸಾದು" ಎಂದು ಕೂಗುತ್ತಲೇ ಅವನು ಮೂರು ಸುತ್ತು ಹೊಡೆದ. ಒಕ್ಕಣೆ ಮುಗಿಯಿತು.

ಕಡೆಗೆ ಅಶ್ವತ್ಥಮ್ಮ ದೊಡ್ಡ ಲೋಟದಲ್ಲಿ ಮಜ್ಜಿಗೆ ತಂದುಕೊಟ್ಟು, ತಾಯಿಯಂತೆ ವಿಚಾರಿಸಿದಳು. "ನಿಮ್ಮ ಮನೇವ್ರ ತವ್ರು ಯಾವೂರು?"

"ಗುಡ್ಡದಾಚೆ ಹೊಸಹಳ್ಳಿ."

"ನಮ್ಮ ಅಶ್ವಿನಿ ತವ್ರೂ ಅದೇಯ ಕಣಪ್ಪ" ಎಂದು ಸೊಸೆಯತ್ತ ನೋಡಿದಳು. ಸೊಸೆ ಆಗಲೇ ಮೊಬೈಲನ್ನು ಕಿವಿಗಿಟ್ಟುಕೊಂಡು ಯಾರೊಂದಿಗೋ ನಗುತ್ತಿದ್ದಳು. ಪ್ರಭುದೇವ ಅತ್ತ ನೋಡದೆ, ಮಜ್ಜಿಗೆ ಗಟಗಟ ಕುಡಿದು ಸೈಕಲ್ ತಿರುಗಿಸಿದ.

ಹೊತ್ತು ಏರಿತ್ತು. ತೊಡೆ ನಡುಗುತ್ತಿತ್ತು. ಆದರೂ ಊಟದ ಹೊತ್ತಿಗೆ ಮುಟ್ಟಬಹುದು. ಗುಡ್ಡದ ತಿರುವಿನಲ್ಲಿ ಹಿಂದಿನಿಂದ ಹಾರ್ನ್ ಕೇಳಿಸಿತು. ಕನಸಿರಬೇಕೆಂದುಕೊಂಡ. ಮತ್ತೆ ಕೇಳಿಸಿತು, ಉದ್ದಕ್ಕೆ, ಬಿಡದೆ. ಬೆಳಗಿನಿಂದ ಒಂದೂ ಗಾಡಿ ಬಾರದ ದಾರಿಯಲ್ಲಿ, ಎಲ್ಲ ತುಳಿದು ಮುಗಿಸಿದ ಮೇಲೆ, ಈಗ ಬಂತು ಗಾಡಿ. ಅದೂ ಚಿರಂಜೀವಿಯ ಗೂಡ್ಸ್ ಆಟೋ. ಹಿಂದೆ ಆಳೆತ್ತರ ಹುರುಳಿ ಗಿಡ ಹೇರಿದ್ದ.

"ಭಾವ, ಸುಸ್ತಾಗಿದೀರ. ಸೈಕಲ್ ಮೇಲಕ್ಕೆ ಹಾಕಿ, ಬನ್ನಿ" ಎಂದ ಹಲ್ಲು ಕಿರಿಯುತ್ತ.

"ನಿನ್ನ ಆಟ ನನಗೆ ಗೊತ್ತು, ಹೋಗಯ್ಯ" ಎಂದ ಪ್ರಭುದೇವ. ಸೈಕಲ್ ಲಪಟಾಯಿಸಲು ಬಂದಿದ್ದಾನೆ ಕಳ್ಳ. ಆ ಹೊರೆ ಎಲ್ಲಿಗೆ ಎಂದು ಕೇಳುವ ತಾಳ್ಮೆಯೂ ಅವನಲ್ಲಿ ಉಳಿದಿರಲಿಲ್ಲ. ಆಟೋ ಎಬ್ಬಿಸಿದ ಧೂಳನ್ನು ನುಂಗುತ್ತ, ಉಗುಳುತ್ತ, ಒಂದು ಕಡೆಯೂ ಕಾಲು ಊರದೆ ಮಧುಗಿರಿ ಮುಟ್ಟಿದ. ಗೆದ್ದಿದ್ದ. ತನ್ನ ಬೀದಿಗೆ ತಿರುಗುವಾಗ ಎದೆಯುಬ್ಬಿಸಿ ಬೆಲ್ ಬಾರಿಸಿದ.

ಬೀದಿಯ ಉದ್ದಕ್ಕೂ, ಈ ಮನೆಯ ಮೆಟ್ಟಿಲಿನಿಂದ ಆ ಮನೆಯ ಮೆಟ್ಟಿಲಿನವರೆಗೆ, ಹುರುಳಿ ಗಿಡ ಹಾಸಿತ್ತು.

ಭುವನಾ ನಗುನಗುತ್ತ ಎದುರು ಬಂದಳು. "ಗೆದ್ರಿ ಕಣ್ರೀ. ಸೈಕಲ್ ಯಾರಿಗೂ ಕೊಡಲ್ಲ. ನಿಮ್ಮ ವಿಡಿಯೋ ನೋಡಿ ನಮ್ಮಮ್ಮ ಹೊಲದಲ್ಲಿದ್ದದ್ದು ಇದ್ದಂಗೇ ಚಿರಂಜೀವಿ ಆಟೋದಲ್ಲಿ ಕಳ್ಸಿದಾರೆ. ಆಟೋ ಹತ್ತಿಸಿದ್ರೆ ಬೇಳೆ ಆಗುತ್ತಂತೆ. ಮುಂದಿನ ಭಾನುವಾರ ಚಿಕ್ಕಮ್ಮಂದು, ಅದರ ಮುಂದಿನದು ಶಿವರುದ್ರಜ್ಜಿ ತಂಗಿದು. ಇನ್ಮೇಲೆ ನೀವು ಆ ಜಲ್ಲೀಲಿ ಎಲ್ಲೂ ಅಲೀಬೇಕಾಗಿಲ್ಲ."

ಪ್ರಭುದೇವ ಸೈಕಲ್ಲನ್ನು ಗೋಡೆಗೊರಗಿಸಿದ. "ನಾನು ತುಳಿಯಲ್ಲ. ಪ್ರಾಣ ಹೋದ್ರೂ ತುಳಿಯಲ್ಲ" ಎಂದು ಜಗಲಿಯ ಮೇಲೆ ಕೈಕಟ್ಟಿ ಕೂತ.

ಭುವನಾ ಬೇಜಾರು ಮಾಡಿಕೊಳ್ಳಲಿಲ್ಲ. ಬಂಡೆಹಟ್ಟಿಯ ಅಶ್ವತ್ಥಮ್ಮ ಫೋನಿನಲ್ಲಿ ಎಲ್ಲ ವಿವರವಾಗಿ ಹೇಳಿಕೊಟ್ಟಿದ್ದಳು. ಎದುರು ಜಗಲಿಯತ್ತ ತಿರುಗಿ ಸ್ವಲ್ಪ ತಲೆಯಾಡಿಸಿದಳು.

"ಏನಪ್ಪಾ ಪ್ರಭು, ಬೈಕು ಮಾರ್ಬುಟ್ಯಾ?" ಎಂದರು ಶಿವರುದ್ರಮ್ಮ.

ಅವನ ದವಡೆ ಬಿಗಿಯಿತು. ಆದರೂ ಕದಲಲಿಲ್ಲ. ಆಗ ಬೀದಿಯ ತುದಿಯಲ್ಲಿ ಚಿರಂಜೀವಿ ಆಟೋದೊಳಗೆ ಕೈ ಚಾಚಿ ಹಾರ್ನ್ ಒತ್ತಿದ. ಒತ್ತಿದವನು ಕೈ ತೆಗೆಯಲಿಲ್ಲ.

ಪ್ರಭುದೇವ ಯಾವಾಗ ಎದ್ದನೋ, ಯಾವಾಗ ಸೈಕಲ್ ಹತ್ತಿದನೋ ಅವನಿಗೇ ತಿಳಿಯಲಿಲ್ಲ. ಭಾವಮೈದುನನನ್ನು ಹಿಡಿದು ಬಡಿಯಲೆಂದೇ ಹುರುಳಿಯ ಮೇಲೆ ನುಗ್ಗಿದ. ಚಿರಂಜೀವಿ ಹಾರ್ನ್ ಬಿಡದೆಯೇ ಆಟೋವನ್ನು ಹಿಂದಿನ ಬೀದಿಯಿಂದ ಬಳಸಿ, ಒಮ್ಮೆ ಈ ತುದಿಗೆ ಒಮ್ಮೆ ಆ ತುದಿಗೆ ತರುತ್ತಿದ್ದ. ಪ್ರಭುದೇವ ಅವನನ್ನು ಅಟ್ಟಿಸಿಕೊಂಡು ಹುರುಳಿಯ ಮೇಲೆ ಅತ್ತಿಂದಿತ್ತ ತುಳಿಯುತ್ತಲೇ ಇದ್ದ.

ಭುವನಾ ಬಗ್ಗಿ ಒಂದು ಹಿಡಿ ಕಾಳು ಎತ್ತಿ ನೋಡಿದಳು. ಒಂದೂ ಒಡೆದಿರಲಿಲ್ಲ.