ಹತ್ತೊಂಬತ್ತನೆಯ ತಲೆ

ಒಂದು ಮಗು ಕಡಿಮೆಯಾದರೆ ಏನು ಮಾಡಬೇಕೆಂದು ಮಿಸ್‌ಗೆ ಮೂರು ದಿನ ತರಬೇತಿ ಕೊಟ್ಟಿದ್ದರು. ಒಂದು ಮಗು ಜಾಸ್ತಿಯಾದರೆ ಏನು ಮಾಡಬೇಕೆಂದು ಯಾರೂ ಹೇಳಿಕೊಟ್ಟಿರಲಿಲ್ಲ. ಅವಳ ಶಿಶುವಿಹಾರದಲ್ಲಿ ಇದ್ದದ್ದು ಹದಿನೆಂಟು ಮಕ್ಕಳು. ಹಾಜರಿ ಪುಸ್ತಕದಲ್ಲೂ ಹದಿನೆಂಟೇ ಹೆಸರು. ಆದರೆ ಆ ಬೆಳಿಗ್ಗೆ ಚಾಪೆಯ ಮೇಲೆ ಕೂತು ಮರದ ತುಂಡು ಜೋಡಿಸುತ್ತಿದ್ದ ತಲೆಗಳನ್ನು ಎಣಿಸಿದಾಗ ಹತ್ತೊಂಬತ್ತು ಬಂತು. ಇನ್ನೊಂದು ಸಲ, ಕಿಟಕಿಯ ಕಡೆಯಿಂದ ಎಣಿಸಿದಳು. ಆಗಲೂ ಹತ್ತೊಂಬತ್ತೇ.

ಬೇರೆ ದಿನವಾಗಿದ್ದರೆ ಬೀದಿಗೆ ಬಂದು ಯಾರ ಮಗು ಇದು ಎಂದು ಕೂಗಿರುತ್ತಿದ್ದಳು. ಆದರೆ ಅವತ್ತು ತಪಾಸಣೆ. ತಪಾಸಣೆಯ ಮೇಡಂ ಆಗಲೇ ಬಂದು ಬಚ್ಚಲಮನೆಯಲ್ಲಿ ಕಿಟಕಿ ಸರಳುಗಳ ನಡುವಿನ ಅಂತರವನ್ನು ಸ್ಕೇಲು ಹಿಡಿದು ಅಳೆಯುತ್ತಿದ್ದರು. ತಲೆ ಎಣಿಕೆ ಕೊನೆಗೆ, ಅಲ್ಲಿಯವರೆಗೆ ಯಾರೂ ತಮ್ಮ ಹಿಂದೆ ಬರಕೂಡದು ಎಂದು ಅಪ್ಪಣೆಯಾಗಿತ್ತು.

ಇದೆಲ್ಲ ‘ಪುಟ್ಟ ಹೆಜ್ಜೆ, ಭದ್ರ ಹೆಜ್ಜೆ’ ಎಂಬ ಯೋಜನೆಯ ಪ್ರಸಾದ. ಮಕ್ಕಳಿಗೆ ಸುರಕ್ಷತೆ, ಮಕ್ಕಳನ್ನು ನೋಡಿಕೊಳ್ಳುವ ಶಿಕ್ಷಕಿಯರಿಗೆ ಬೆಂಬಲ. ನಿಮಗೆ ಏನು ಬೆಂಬಲ ಬೇಕು ಎಂದು ಯೋಜನೆಯವರು ಪ್ರತಿ ವರ್ಷ ಅಕ್ಕರೆಯಿಂದ ಕೇಳುತ್ತಿದ್ದರು. ಮಿಸ್ ಪ್ರತಿ ವರ್ಷ ‘ಒಬ್ಬ ಸಹಾಯಕಿ’ ಎಂದು ಬರೆದು ಕಳಿಸುತ್ತಿದ್ದಳು. ಮೊದಲನೆಯ ವರ್ಷ ಒಂದು ಬಟ್ಟೆಯ ಚೀಲ ಬಂತು. ಎರಡನೆಯ ವರ್ಷ ‘ನಗುವ ಶಿಕ್ಷಕಿ, ನಲಿಯುವ ಮಗು’ ಎಂಬ ಬ್ಯಾಡ್ಜು ಬಂತು. ಮೂರನೆಯ ವರ್ಷ ದಣಿವಾದಾಗ ಹೇಗೆ ಉಸಿರಾಡಬೇಕೆಂದು ತಜ್ಞರೊಬ್ಬರು ಬೆಳಿಗ್ಗೆಯಿಂದ ಸಂಜೆಯವರೆಗೆ ಉಪನ್ಯಾಸ ಮಾಡಿದರು. ಅಷ್ಟು ಹೊತ್ತಿಗೆ ಎಲ್ಲರಿಗೂ ಚೆನ್ನಾಗಿ ದಣಿವಾಗಿತ್ತು, ಅಭ್ಯಾಸಕ್ಕೆ ಅನುಕೂಲವೇ ಆಯಿತು.

ಮಿಸ್‌ಗೆ ಸಹಾಯಕಿ ಬೇಕಾಗಿದ್ದದ್ದು ಶೋಕಿಗಲ್ಲ. ಮೂರು ವರ್ಷದಿಂದ ಅವಳು ಬಚ್ಚಲಿಗೆ ಹೋದರೆ ಒಳಗಿನಿಂದಲೇ ಗಟ್ಟಿಯಾಗಿ ಹಾಡು ಹೇಳುತ್ತಿರಬೇಕಿತ್ತು. ಹಾಡು ನಿಂತರೆ ಹೊರಗೆ ಯಾರೋ ಯಾರನ್ನೋ ಕಚ್ಚುತ್ತಿದ್ದರು. ಈ ವರ್ಷ ಯೋಜನೆಯವರು ದೊಡ್ಡ ಮನಸ್ಸು ಮಾಡಿದ್ದರು. ತಪಾಸಣೆಯಲ್ಲಿ ನೂರಕ್ಕೆ ನೂರು ಬಂದರೆ ಸಹಾಯಕಿ. ಪುಸ್ತಕದ ಲೆಕ್ಕಕ್ಕೂ ತಲೆ ಲೆಕ್ಕಕ್ಕೂ ತಾಳೆಯಾಗದಿದ್ದರೆ ಮಾತ್ರ ಶಿಶುವಿಹಾರಕ್ಕೆ ನೇರ ಬೀಗ.

ಜಾಸ್ತಿಯಾದ ತಲೆಯನ್ನು ಹುಡುಕುವುದು ಕಷ್ಟವಾಗಲಿಲ್ಲ. ನೀಲಿ ಫ್ರಾಕಿನ ಹುಡುಗಿ, ಮೂರು ವರ್ಷವಿದ್ದೀತು, ಒಂದೇ ಕಾಲಿಗೆ ಬೂಟು. ನಿನ್ನ ಹೆಸರೇನು ಪುಟ್ಟಿ ಎಂದರೆ “ಕಾರು” ಎಂದಿತು. ನಿಮ್ಮಮ್ಮ ಎಲ್ಲಿ ಎಂದರೂ “ಕಾರು.” ಮಿಸ್ ಆಟದ ಕಾರೊಂದನ್ನು ಕೈಗೆ ಕೊಟ್ಟಳು. ಮಗು ಅದನ್ನು ಎಸೆದು ಮತ್ತೆ ಮರದ ತುಂಡಿಗೆ ಕೈಹಾಕಿತು.

ಅಷ್ಟರಲ್ಲಿ ಹಿಂಬಾಗಿಲಲ್ಲಿ ಎರಡು ಮುಖ ಕಾಣಿಸಿಕೊಂಡವು. ಒಂದು ಪಕ್ಕದ ಅಂಗಡಿಯ ಟೈಲರನದು, ಇನ್ನೊಂದು ಎದುರು ಮನೆಯ ನಿವೃತ್ತ ಗುಮಾಸ್ತರದು. ಊರಿಗೆ ಬಂದ ತಪಾಸಣೆ ಇವರಿಬ್ಬರ ಕಣ್ಣು ತಪ್ಪಿಸಿ ಹೋದ ಉದಾಹರಣೆ ಇಲ್ಲ. ಮಿಸ್ ಪಿಸುದನಿಯಲ್ಲಿ ವಿಷಯ ಹೇಳಿದಳು. ಟೈಲರ್ ಮಗುವಿನ ಫ್ರಾಕಿನ ಅಂಚನ್ನು ಮಗುಚಿ ನೋಡಿ, ಇದು ನಮ್ಮ ಬೀದಿಯ ಹೊಲಿಗೆಯೇ ಅಲ್ಲ, ಇಂಥ ಕಳಪೆ ಹೊಲಿಗೆ ಹಾಕಿಸುವವರು ದುಡ್ಡಿದ್ದವರೇ ಇರಬೇಕು ಎಂದು ತೀರ್ಪು ಕೊಟ್ಟ.

ಮೇಡಂಗೆ ಹೋಗಿ ನಿಜ ಹೇಳಿಬಿಡುತ್ತೇನೆ ಎಂದಳು ಮಿಸ್. ಗುಮಾಸ್ತರು ಕನ್ನಡಕ ಸರಿಮಾಡಿಕೊಂಡರು. ಮೂವತ್ತೆರಡು ವರ್ಷ ಫೈಲು ಕಟ್ಟಿದ ಕೈ ಅದು.

“ಹೇಳಿ, ಬೇಡ ಅನ್ನಲ್ಲ. ಆದ್ರೆ ಕಡಿಮೆಯಾದ್ರೂ ಜಾಸ್ತಿಯಾದ್ರೂ ಅವರ ಫಾರಂನಲ್ಲಿ ಕಾಲಂ ಒಂದೇ ಮಿಸ್. ತಾಳೆ ಇಲ್ಲ ಅಂತ ಟಿಕ್ ಹಾಕ್ತಾರೆ, ಬೀಗ ಹಾಕ್ತಾರೆ. ಮಗು ಎಲ್ಲಿಗೂ ಓಡಿಹೋಗಲ್ಲ. ಹತ್ತು ನಿಮಿಷ ಟೈಲರ್ ನೋಡ್ಕೊಳ್ಳಲಿ. ಅಷ್ಟರಲ್ಲಿ ನಾನು ಬೀದೀಲಿ ವಿಚಾರಿಸ್ತೀನಿ.”

ಮಿಸ್‌ಗೆ ಇದು ಸರಿ ಕಾಣಲಿಲ್ಲ. ಗುರುತಿಲ್ಲದ ಮಗುವನ್ನು ಹಿಂಬಾಗಿಲಿಂದ ಸಾಗಿಸುವುದು ಯಾವ ಲೆಕ್ಕದಲ್ಲೂ ಸುರಕ್ಷತೆ ಅನ್ನಿಸಿಕೊಳ್ಳುವುದಿಲ್ಲ. ಆದರೆ ಬಚ್ಚಲಮನೆಯಿಂದ ಸ್ಕೇಲಿನ ಸದ್ದು ನಿಂತಿತು, ಬೂಟಿನ ಸದ್ದು ಶುರುವಾಯಿತು. ಮಗು ಟೈಲರನ ಹೆಗಲೇರಿ ಹೊರಟೇಹೋಯಿತು.

ಮೇಡಂ ಬಂದು ಮಕ್ಕಳನ್ನು ಸಾಲಾಗಿ ನಿಲ್ಲಿಸಿ, ಒಂದೊಂದು ತಲೆಯ ಮೇಲೂ ಪೆನ್ಸಿಲಿನಿಂದ ಮುಟ್ಟಿ ಎಣಿಸಿದರು. ಹದಿನೆಂಟು. ಪುಸ್ತಕ ನೋಡಿದರು. ಹದಿನೆಂಟು. ಕುರ್ಚಿಯಲ್ಲಿ ಕೂತು, ಮಕ್ಕಳ ಮೇಲಿಂದ ದೃಷ್ಟಿ ತೆಗೆಯುವುದೆಂದರೇನು, ಅದರಿಂದ ಎಂತೆಂಥ ಅನಾಹುತಗಳಾಗಿವೆ ಎಂದು ಕಾಲು ಗಂಟೆ ತಿಳಿಹೇಳಿದರು. ಮಿಸ್ ಬ್ಯಾಡ್ಜಿನಲ್ಲಿ ಬರೆದಿದ್ದ ಹಾಗೆ ನಗುತ್ತಾ ನಿಂತಿದ್ದಳು. ಮೇಡಂ ಕೊನೆಗೆ ನೂರಕ್ಕೆ ನೂರು ಎಂದು ಬರೆದರು. ಸಹಾಯಕಿಯ ಮಂಜೂರಾತಿ ಪತ್ರ ತೆಗೆದು ಪೆನ್ನಿನ ಮುಚ್ಚಳ ಬಿಚ್ಚಿದರು. ಮಿಸ್‌ಗೆ ಕಣ್ಣಲ್ಲಿ ನೀರೇ ಬಂತು.

ಆಗ ಮೇಡಂ ಅವರ ಕಾರಿನ ಡ್ರೈವರ್ ಓಡಿಬಂದು ಅವರ ಕಿವಿಯಲ್ಲಿ ಏನೋ ಹೇಳಿದ. ಮೇಡಂ ಮುಖ ಸುಣ್ಣದ ಗೋಡೆಯ ಹಾಗೆ ಬಿಳಿಚಿಕೊಂಡಿತು. ಪೆನ್ನು ಅಲ್ಲೇ ಬಿಟ್ಟು ಹೊರಗೆ ಓಡಿದರು. ಮಿಸ್ ಕಿಟಕಿಯಲ್ಲಿ ಇಣುಕಿದರೆ, ಅವರು ಕಾರಿನ ಕೆಳಗೆ ಬಗ್ಗಿ ಹುಡುಕುತ್ತಿದ್ದರು. ಕಾರಿನ ಹಿಂದಿನ ಬಾಗಿಲು ತೆರೆದಿತ್ತು. ಸೀಟಿನ ಮೇಲೆ ಒಂದು ಚಿಕ್ಕ ಬೂಟು.

ಮಿಸ್‌ಗೆ ಈಗ ಎಲ್ಲ ಹೊಳೆಯಿತು. ಹೊರಗೆ ಬಂದು ಬಾಯಿ ತೆರೆಯುವಷ್ಟರಲ್ಲಿ, ಕೊರಳಿಗೆ ಅಳತೆ ಟೇಪು ಸುತ್ತಿಕೊಂಡ ಮಗುವನ್ನು ಎತ್ತಿಕೊಂಡು ಟೈಲರ್ ಗೇಟಿನ ಹತ್ತಿರ ಬಂದ. ಬೀದಿಗೆಲ್ಲ ಕೇಳುವ ಗಂಟಲು ಅವನದು.

“ಮಿಸ್, ಎಣಿಸೋದು ಮುಗೀತಾ? ಈ ಹತ್ತೊಂಬತ್ತನೇದು ಅಳ್ತಾ ಇದೆ, ವಾಪಸ್ ತಗೊಳ್ಳಿ.”

ಮಗು ಎರಡೂ ಕೈ ಚಾಚಿ “ಅಜ್ಜೀ” ಎಂದಿತು. ಕೈ ಚಾಚಿದ್ದು ಮೇಡಂ ಕಡೆಗೆ.

ಮೇಡಂ ಮೊಮ್ಮಗಳನ್ನು ಎದೆಗೆ ಅವಚಿಕೊಂಡು ಬಿಕ್ಕಿಬಿಕ್ಕಿ ಅತ್ತರು. ಆ ಒಂದು ನಿಮಿಷ ಅವರು ಬರೀ ಅಜ್ಜಿಯಾಗಿದ್ದರು. ಆಮೇಲೆ ಕಣ್ಣೊರೆಸಿಕೊಂಡು ಮಿಸ್ಸನ್ನು ಒಳಗೆ ಕರೆದು ಬಾಗಿಲು ಮುಚ್ಚಿದರು. ಮಿಸ್ ತಪ್ಪೊಪ್ಪಿಕೊಂಡಳು. ಮೇಡಂ ಕೂಡ ಒಪ್ಪಿಕೊಂಡರು. ಮಗಳು ಕೆಲಸಕ್ಕೆ ಹೋಗುತ್ತಾಳೆ. ಮೊಮ್ಮಗಳು ಹೋಗುತ್ತಿದ್ದ ಶಿಶುವಿಹಾರಕ್ಕೆ ಹೋದ ವಾರ ಬೀಗ ಬಿದ್ದಿದೆ. ಅಂದಿನಿಂದ ಮಗುವಿಗೆ ಕಾರೇ ಗತಿ. ಇವತ್ತು ಡ್ರೈವರ್ ಬೀಡಿ ಸೇದಲು ಹೋದಾಗ ಎದ್ದುಬಂದಿದೆ. ಬೀಗ ಹಾಕಿದವರು ಯಾರೆಂದು ಮಿಸ್ ಕೇಳಲಿಲ್ಲ. ಮೇಡಂ ತಾವಾಗಿಯೇ ಹೇಳಿದರು, ತಾವೇ.

ಮೇಡಂ ಹಾಜರಿ ಪುಸ್ತಕ ಎಳೆದುಕೊಂಡರು. ಹತ್ತೊಂಬತ್ತನೆಯ ಸಾಲಿನಲ್ಲಿ ಮೊಮ್ಮಗಳ ಹೆಸರು ಬರೆದು, ಬೆಳಿಗ್ಗೆಯಿಂದಲೇ ಹಾಜರಿ ಹಾಕಿದರು. ವರದಿಯಲ್ಲಿ ಹದಿನೆಂಟನ್ನು ಹತ್ತೊಂಬತ್ತು ಮಾಡಿದರು. ಈಗ ಯಾರ ಮಗುವೂ ಕಳೆದಿರಲಿಲ್ಲ, ಯಾರ ಮಗುವೂ ಜಾಸ್ತಿಯಾಗಿರಲಿಲ್ಲ. ನೂರಕ್ಕೆ ನೂರು ಹಾಗೇ ಉಳಿಯಿತು. ಮಿಸ್ ಇನ್ನೇನು ಉಸಿರು ಬಿಡಬೇಕು, ಮೇಡಂ ಮಂಜೂರಾತಿ ಪತ್ರವನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡರು.

“ಮೇಡಂ, ಸಹಾಯಕಿ?” ಎಂದಳು ಮಿಸ್.

ಮೇಡಂ ಅವಳ ಕೈಹಿಡಿದುಕೊಂಡರು. ದನಿಯಲ್ಲಿ ನಿಜವಾದ ಪ್ರೀತಿಯಿತ್ತು.

“ನೋಡಮ್ಮಾ, ಸಹಾಯಕಿ ಬೇಕು ಅಂತ ನಾನು ಬರೆದ್ರೆ, ಇಲ್ಲಿ ಸಹಾಯಕಿ ಇಲ್ಲ ಅಂತ ಬರೆದ ಹಾಗಾಗುತ್ತೆ. ಹದಿನೆಂಟು ಮಕ್ಕಳ ತನಕ ಶಿಕ್ಷಕಿ ಒಬ್ಬರೇ ಇರಬಹುದು, ಹತ್ತೊಂಬತ್ತಾದ್ರೆ ಸಹಾಯಕಿ ಇರಲೇಬೇಕು, ಇಲ್ಲದಿದ್ರೆ ಬೀಗ. ಹೋದ ವಾರ ಅಲ್ಲೂ ಅದಕ್ಕೇ ಹಾಕಿದ್ದು. ಇಲ್ಲೂ ಹಾಕಿದ್ರೆ ನಾಳೆಯಿಂದ ನನ್ನ ಮೊಮ್ಮಗಳನ್ನ ನಾನು ಎಲ್ಲಿ ಬಿಡಲಿ?”

ಹೊರಡುವಾಗ, ಮಗು ಮಧ್ಯಾಹ್ನ ನಿದ್ದೆ ಮಾಡುವುದಿಲ್ಲ, ಎತ್ತಿಕೊಂಡೇ ಇರಬೇಕು ಎಂದು ಹೇಳಿಹೋದರು.