ಡಿಲೀಟ್ ಒತ್ತೋರು ಊರಿಗೆ ಹೋಗ್ಯಾರ

ಕೆಟ್ಟು ನಿಂತ ಕಂಪ್ಯೂಟರು ನನ್ನ ಮುಖ ಕಂಡ ಕೂಡ್ಲೆ ನೆಟ್ಟಗಾಗ್ತಿತ್ತು, ನಾ ಹೊಸ್ತಿಲ ದಾಟಿದ ಕೂಡ್ಲೆ ಮತ್ತ ನಿಲ್ಲತಿತ್ತು. ಇದು ನನ್ನ ಹಣೆಬರಹ. ಒಂದ್ ಸಲ ಅಲ್ಲ, ಅಂಗಡಿ ಇಟ್ಟಷ್ಟು ವರ್ಷ ಇದ ನಡೀತು.

ತೊಂಬತ್ತರ ದಶಕದ ಕಡೀ ವರ್ಷಗಳು ಅವು. ಸಿಂಧನೂರು ಬಸ್ ಸ್ಟ್ಯಾಂಡಿನ ಹಿಂದ ನಂದೊಂದು ಸಣ್ಣ ರಿಪೇರಿ ಅಂಗಡಿ ಇತ್ತು. ಆಗ ಮನೀಗೆ ಕಂಪ್ಯೂಟರ್ ತಂದವರು ಸಿಂಧನೂರು, ಮಸ್ಕಿ, ಲಿಂಗಸುಗೂರು ಮೂರೂ ಕೂಡಿದ್ರೂ ಭಾಳ ಮಂದಿ ಇರ್ಲಿಲ್ಲ. ಇದ್ದವರೆಲ್ಲರ ತಕರಾರು ಒಂದ, "ನಡಕೋತ ನಡಕೋತ ನಿಂತ ಬಿಡ್ತೈತ್ರೀ." ಪರದೆ ಮ್ಯಾಗಿನ ಬಾಣ ಅಲ್ಲಾಡಂಗಿಲ್ಲ, ಯಾವ ಬಟನ್ ಒತ್ತಿದ್ರೂ ಹೂಂ ಅನ್ನಂಗಿಲ್ಲ.

ನಮ್ಮವ್ವಗ ಇದ್ದ ಚಿಂತಿ ಬ್ಯಾರೆ. ನನಗ ಹೆಣ್ಣು ಕೇಳಾಕ ಹೋದಲ್ಲೆಲ್ಲಾ, "ಹುಡುಗ ಏನ್ ಮಾಡ್ತಾನ್ರೀ?" ಅಂತ ಕೇಳತಿದ್ರು. "ಕಂಪ್ಯೂಟರ್ ರಿಪೇರಿ ಮಾಡ್ತಾನ," ಅಂತ ಅವ್ವ ಹೇಳಿದ್ರ, "ಅದು ಖರೆ, ಹೊಟ್ಟೀಗೆ ಏನ್ ಮಾಡ್ತಾನ?" ಅಂತಿದ್ರು. ಕಡೀಕ ಅವ್ವ ಈ ಕೆಲಸ ತನ್ನ ತಮ್ಮನ ಕೊರಳಿಗೆ ಹಾಕಿದ್ಲು. ನಮ್ಮ ಸೋದರಮಾವ ಭಾಳ ಮಾತಿನ ಮನುಷ್ಯ. "ಊರು ಹೊಗಳೋವಂಥ ಒಂದು ರಿಪೇರಿ ಮಾಡಿ ತೋರಿಸಲೇ, ಹೆಣ್ಣು ನಾ ತರ್ತೀನಿ," ಅಂದ. ಅವತ್ತಿನಿಂದ ನಾ ಸ್ಕ್ರೂಡ್ರೈವರ್ ಹಿಡಿದಾಗೆಲ್ಲ ಕಣ್ಣ ಮುಂದ ಮದುವಿ ಹಂದರ ಕಾಣಾಕ ಹತ್ತಿತ್ತು.

ಕೌದಿ

ಸಿಂಧನೂರಿನಾಗ ಒಬ್ಬ ರೈಸ್ ಮಿಲ್ಲಿನ ಸಾವ್ಕಾರ್ರು. ಮಿಲ್ಲಿನ ಬಾಜೂಕ ಅವರ ಮನೆ. ಮಕ್ಕಳಿಗಂತ ತಂದ ಕಂಪ್ಯೂಟರು ಅರ್ಧ ತಾಸಿಗೆ ನಿಂತು ಬಿಡ್ತೈತಿ ಅಂತ ಆಳು ಬಂದು ಕರದ. ಹೋಗಿ ನೋಡಿದ್ರ ಟೇಬಲ್ ಮ್ಯಾಗ ಕಂಪ್ಯೂಟರ್ ಕಾಣವಲ್ದು, ಒಂದು ಕೌದಿ ಗಂಟು ಕುಂತೈತಿ. ಹಳೇ ಸೀರಿ, ಹಳೇ ಧೋತರ ಕೂಡಿಸಿ ಸಾವ್ಕಾರ್ರ ತಾಯಿ ತಾನ ಅಳತಿ ತಗೊಂಡು ಹೊಲದಿದ್ಲು. ಪರದೆ ಕಾಣೋವಷ್ಟ ಒಂದು ಕಿಂಡಿ ಬಿಟ್ಟಿದ್ಲು.

"ಯವ್ವಾ, ಇದ್ಯಾಕ ಹೊಚ್ಚೀರಿ?" ಅಂದೆ.

"ಮಿಲ್ಲಿನ ತೌಡು ಹಾರಿ ಬರ್ತೈತಪ್ಪಾ. ನಾಜೂಕು ಸಾಮಾನು, ಮಣ್ಣಾಗಬಾರದಂತ."

ಕೌದಿ ಒಳಗ ಕೈ ಇಟ್ಟೆ. ರೊಟ್ಟಿ ಹಂಚಿನಂಗ ಸುಡಾಕತ್ತಿತ್ತು. "ಯವ್ವಾ, ಇದರ ಮೈ ಕಾದೈತಿ, ಅದಕ್ಕ ನಿಲ್ಲಾಕತ್ತೈತಿ. ಕೌದಿ ತಗೀಬೇಕ್ರೀ," ಅಂದೆ.

ಮುದುಕಿ ನನ್ನ ಮ್ಯಾಲಿಂದ ಕೆಳಗ ನೋಡಿದ್ಲು. "ಮೈ ಕಾದ್ರ ಹೊಚ್ಚತಾರೋ, ತಗೀತಾರೋ? ಹೊಚ್ಚಿದ್ರ ಬೆವತು ಜ್ವರ ಇಳೀತೈತಿ. ನಿಮ್ಮವ್ವ ಇಷ್ಟೂ ಕಲಿಸಿಲ್ಲೇನು?"

ಸಾವ್ಕಾರ್ರ ಕೈಲೆ ಹೇಳಿಸಿ, ಕೈಕಾಲು ಬಿದ್ದು ಕೌದಿ ತಗಿಸಿದೆ. ಒಳಗಿನ ಫ್ಯಾನಿನ ಧೂಳ ಹೊಡದೆ. ಸಂಜೀತನಕ ಹುಡುಗರು ಆಟ ಆಡಿದ್ರು, ಒಂದ್ ಸಲನೂ ನಿಲ್ಲಲಿಲ್ಲ. ಸಾವ್ಕಾರ್ರು ನನ್ನ ಬೆನ್ನು ಚಪ್ಪರಿಸಿದ್ರು. ನಾ ಎದಿ ಉಬ್ಬಿಸಿಕೊಂಡು ಹೊರಡೋವಾಗ ಮುದುಕಿ ಆ ಕೌದಿ ಮಡಚಿ ನನ್ನ ಬಗಲಾಗ ಇಟ್ಲು. "ಅದಕ್ಕ ಬ್ಯಾಡಾದ್ರ ನೀನ ಒಯ್ಯಿ. ಲಗ್ನ ಆಗಿಲ್ಲಂತ ಕೇಳೀನಿ, ಥಂಡಿ ಹತ್ತತಿರಬೇಕು."

ಮೂರು ಮಂದಿ, ಮೂರು ಬಟನ್

ಮಸ್ಕಿಯ ಒಬ್ಬ ಕಿರಾಣಿ ಅಂಗಡಿಯವರು ಎಸ್‌ಟಿಡಿ ಬೂತಿನಿಂದ ಫೋನ್ ಮಾಡಿದ್ರು. ಅವರ ಮನ್ಯಾಗ ಫೋನ್ ಇಲ್ಲ. ಮನಿ ಕಂಪ್ಯೂಟರ್ ನಿಂತೈತಿ, ನಾ ಮಸ್ಕಿಗೆ ಹೋಗಾಕ ಅವತ್ತು ಬಸ್ ಇಲ್ಲ.

"ಕಂಟ್ರೋಲ್, ಆಲ್ಟ್, ಡಿಲೀಟ್ ಅಂತ ಮೂರು ಬಟನ್ ಅದಾವ್ರಿ. ಮೂರೂ ಒಮ್ಮೆಲೆ ಒತ್ತಬೇಕು," ಅಂದೆ.

ಅವರು ಬೂತಿನ ಬಾಗಿಲಾಗ ನಿಂತು ಎದುರಿನ ಟೇಲರ್‌ಗೆ ಕೂಗಿ ಹೇಳಿದ್ರು. ಟೇಲರ್ ಓಣಿ ಮೂಲಿಗೆ ಹೋಗಿ ಅವರ ಮನಿ ಕಡೆ ಕೂಗಿದ. ನಾ ಇತ್ತ ಫೋನ್ ಹಿಡಕೊಂಡು ಎಲ್ಲಾ ಕೇಳಾಕತ್ತೀನಿ. ಭಾಳ ಹೊತ್ತು ಗದ್ದಲ ಆತು. ಆಮೇಲೆ ಟೇಲರ್ ದನಿ ಬಂತು, "ಒಂದು, ಎರಡು, ಮೂರು." ಸ್ವಲ್ಪ ಹೊತ್ತಿಗೆ ಓಣಿ ತುಂಬ ಕೇಕೆ.

"ಚಾಲೂ ಆತ್ರೀ," ಅಂದ್ರು ಅಂಗಡಿಯವರು.

"ಎಣಿಸಿದ್ಯಾಕ್ರೀ?"

"ಮತ್ತ, ಮೂರೂ ಒಮ್ಮೆಲೆ ಅಂದ್ರಲ್ಲ. ಕಂಟ್ರೋಲ್ ನಮ್ಮ ಹೆಂಡ್ತಿ ಒತ್ತಿದ್ಲು, ಆಲ್ಟ್ ನಮ್ಮ ತಂಗಿ. ಡಿಲೀಟ್ ನಮ್ಮವ್ವಗ ಕೊಟ್ವಿ, ಮನಿಗೆ ಹಿರೇಳು ಅಲ್ಲೇನ್ರೀ."

ಒಬ್ಬರ ಕೈಲೆ ಆಗ್ತೈತಿ ಅಂತ ಹೇಳೋವನಿದ್ದೆ. ಖುಷಿಲೆ ಫೋನ್ ಇಟ್ಟ ಬಿಟ್ರು. ಈ ಸುದ್ದಿ ನಮ್ಮ ಮಾವನ ಕಿವಿಗೆ ಬಿತ್ತು. ಅವತ್ತಿನಿಂದ ಸಿಕ್ಕಸಿಕ್ಕವರ ಮುಂದ, "ನಮ್ಮಳಿಯ ಸಿಂಧನೂರಾಗ ಕುಂತು ಮಸ್ಕಿ ಕಂಪ್ಯೂಟರ್ ಎಬ್ಬಿಸ್ತಾನ," ಅಂತ ಹೇಳಕೋತ ಅಡ್ಡ್ಯಾಡಿದ. ಕುಂತ ಬಸ್ಸಿನಾಗೂ ಹೇಳಿದ, ನಿಂತ ಚಾದಂಗಡ್ಯಾಗೂ ಹೇಳಿದ.

ಕೆಲವು ದಿವಸಕ್ಕ ಅದ ಮನಿ ಸೊಸಿ ಬೂತಿನಿಂದ ಫೋನ್ ಮಾಡಿದ್ಲು. ದನಿ ಅಳೂ ಹಂಗಿತ್ತು. "ಅಣ್ಣಾರ, ಕಂಪ್ಯೂಟರ್ ಮತ್ತ ನಿಂತೈತ್ರೀ."

"ಆವತ್ತಿನಂಗ ಮೂರು ಬಟನ್ ಒತ್ತವಾ."

"ಹೆಂಗ ಒತ್ತೂದ್ರೀ? ಡಿಲೀಟ್ ಒತ್ತೋರು ಅವರಣ್ಣನ ಮಗನ ಲಗ್ನಕ್ಕ ಗೊರೇಬಾಳಕ್ಕ ಹೋಗ್ಯಾರ. ಭತ್ತದ ನಾಟಿ ಮುಗಿಸ್ಕೊಂಡ ಬರ್ತಾರಂತ."

ಕೊತ್ತಂಬರಿ

ಇನ್ನೊಂದು ಮನ್ಯಾಗ ಕಂಪ್ಯೂಟರ್ ಮುಟ್ಟಿದ್ರ ಕೈ ಜುಮ್ ಅಂತಿತ್ತು, ನಡುನಡುವ ನಿಲ್ಲತಿತ್ತು. ನೋಡಿದ್ರ ಮನೀಗೆ ಸೋರೋ ಕರೆಂಟ್ ನೆಲಕ್ಕ ಇಳಿಸೋ ಅರ್ಥಿಂಗ್ ಇಲ್ಲ. ಹಿತ್ತಲದಾಗ ಗುಂಡಿ ತೋಡಿಸಿ, ತಗಡು ಹುಗಿಸಿ, ವೈರ್ ಎಳದೆ. ಮನಿ ಅಮ್ಮಾರಿಗೆ ಹೇಳಿದೆ, "ಈ ಜಾಗಾ ಒಣಗಬಾರದ್ರೀ. ದಿನಾ ನೀರು ಹಾಕ್ರಿ, ಆಗಾಗ ಒಂದು ಹಿಡಿ ಉಪ್ಪು ಹಾಕ್ರಿ."

ಒಂದು ತಿಂಗಳು ಬಿಟ್ಟು ಆ ಕಡೆ ಹೋದಾಗ ವಿಚಾರಿಸೂಣಂತ ಒಳಗ ಹೋದೆ. ಅಮ್ಮಾರು ನಗುನಗುತ ಹಿತ್ತಲಕ್ಕ ಕರಕೊಂಡು ಹೋದ್ರು. ಗುಂಡಿ ಮ್ಯಾಗ ಹಸರ ಹಾಸಿಗಿ ಹಾಸಿದಂಗ ಕೊತ್ತಂಬರಿ ಬೆಳದಿತ್ತು.

"ದಿನಾ ನೀರು ಹಾಕೂ ಜಾಗಾ, ಸುಮ್ಮ ಯಾಕ ಬಿಡಬೇಕಂತ ಬೀಜ ಚೆಲ್ಲಿದೆ," ಅಂದ್ರು.

"ಉಪ್ಪು ಹಾಕೀರೇನ್ರೀ?"

"ಉಪ್ಪು ಹಾಕಿದ್ರ ಕೊತ್ತಂಬರಿ ಸಾಯಂಗಿಲ್ಲೇನು?"

"ಮತ್ತ ಕಂಪ್ಯೂಟರ್ ಹೆಂಗೈತಿ?"

"ಅದು ಆಗಾಗ ನಿಲ್ತೈತಿ. ಕೊತ್ತಂಬರಿ ಮಾತ್ರ ನಿಲ್ಲವಲ್ದು ನೋಡ್ರಿ," ಅಂತ ಒಂದು ಕಟ್ಟು ಕಿತ್ತು ಕೊಟ್ರು. ಬಾಜೂಕ ಇನ್ನೊಂದು ಗುಂಡಿ ತೋಡಿಸಿ, ಮೊದಲು ಉಪ್ಪು ಸುರುವಿ, ಆಮೇಲೆ ವೈರ್ ಎಳದೆ. ಆಮ್ಯಾಲ ಆ ಮನಿ ಕಂಪ್ಯೂಟರ್ ತಕರಾರು ಮಾಡ್ಲಿಲ್ಲ.

ಹೆಣ್ಣು ನೋಡಾಕ ಹೋದಾಗ

ಮಾವ ಊರೂರು ಹೊಗಳಿದ್ದು ಕಡೀಕ ಲಿಂಗಸುಗೂರಾಗ ಹತ್ತಿತು. ಅಲ್ಲೊಬ್ಬ ಗಣಿತದ ಮಾಸ್ತರ್ರು. ಅವರ ಮಗಳು ಡಿಗ್ರಿ ಮುಗಿಸಿ, ಕಂಪ್ಯೂಟರ್ ಕ್ಲಾಸೂ ಮುಗಿಸಿದ್ಲು. ಅವ್ವ, ಮಾವ, ನಾನು ಹೆಣ್ಣು ನೋಡಾಕ ಹೋದ್ವಿ. ಮಂಡಕ್ಕಿ ಸೂಸಲಾ, ಮಿರ್ಚಿ ಭಜಿ ಬಂದ್ವು. ಹುಡುಗಿ ಬಂದು ಎಲ್ಲರಿಗೂ ಚಾ ಕೊಟ್ಟು ಒಳಗ ಹೋದ್ಲು. ನನಗ ಆಕಿ ನೋಡಿದ ಕೂಡ್ಲೆ ಮನಸಿಗೆ ಬಂದ್ಲು. ಬಾಯಾಗಿನ ಮಿರ್ಚಿ ಅಗೀದ ನುಂಗಿ, ನೀರು ಕುಡಿದೆ.

ಮಾಸ್ತರ್ರು ಗಂಟಲ ಸರಿ ಮಾಡಿಕೊಂಡು, "ಬಂದ ವರಗಳೆಲ್ಲಾ ಕಂಪ್ಯೂಟರ್ ಬರ್ತೈತಿ ಅಂತ ಹೇಳ್ತಾರ್ರೀ. ಅದಕ್ಕ ನಾ ಒಂದು ಪರೀಕ್ಷಾ ಇಟ್ಟೀನಿ. ನಮ್ಮ ಕಂಪ್ಯೂಟರ್ ನಿಲ್ತೈತಿ. ಇದನ್ನ ನೆಟ್ಟಗ ಮಾಡಿದವಗ ಮಗಳನ್ನ ಕೊಡ್ತೀನಿ," ಅಂದ್ರು.

ನಮ್ಮವ್ವ ದೇವರಿಗೆ ಕೈ ಮುಗಿದ್ಲು. ಮಾವ ನನ್ನ ಕಿವ್ಯಾಗ, "ಇದನ್ನ ಕೆಡಿಸಿದ್ರ ಮನಿಗೆ ಬರಬ್ಯಾಡಲೇ," ಅಂದ.

"ಯಾವಾಗ ನಿಲ್ತೈತ್ರೀ ಸರ್?" ಅಂತ ಕೇಳಿದೆ.

"ಅದ ನೋಡ್ರಿ ವಿಚಿತ್ರ. ದಿನಾ ಛಲೋ ನಡೀತೈತಿ. ಹೆಣ್ಣು ನೋಡಾಕ ಯಾರರ ಬಂದ ದಿವಸ ಮಾತ್ರ ಹತ್ತು ನಿಮಿಷಕ್ಕ ಕಲ್ಲಾಗ್ತೈತಿ. ಮನ್ಯಾಗ ಮಂದಿ ಜಾಸ್ತಿ ಆದ್ರ ಶೆಕಿ ಆಗ್ತೈತೇನೋ. ಒಬ್ಬ ವೈರಸ್ ಅಂದ, ಒಬ್ಬ ರಾಯಚೂರಿಗೆ ಒಯ್ರಿ ಅಂದ."

ಹಚ್ಚಿದೆ. ಅವರು ಹೇಳಿದಂಗ ಸ್ವಲ್ಪ ಹೊತ್ತಿಗೆ ನಿಂತು ಬಿಡ್ತು. ಬಂದ್ ಮಾಡಿ ಡಬ್ಬಿ ಮುಚ್ಚಳ ಎತ್ತಿದೆ, ಅದಕ್ಕ ಸ್ಕ್ರೂನ ಇರ್ಲಿಲ್ಲ. ಒಳಗ ಸಣ್ಣ ಫ್ಯಾನಿನ ರೆಕ್ಕಿ ನಡುವ ಒಂದು ಬೆಂಕಿಕಡ್ಡಿ ಸಿಗಿಸಿತ್ತು. ಹೊಚ್ಚ ಹೊಸಾ ಕಡ್ಡಿ, ತುದಿ ಮದ್ದು ಇನ್ನೂ ಹಂಗ ಇತ್ತು. ಫ್ಯಾನು ತಿರುಗದಿದ್ರ ಮಶೀನು ಕಾದು ನಿಲ್ಲಾಕ ಬೇಕು.

ತಲಿ ಎತ್ತಿದೆ. ಅಡಗಿಮನಿ ಬಾಗಿಲಾಗ ಹುಡುಗಿ ಖಾಲಿ ತಾಟು ಹಿಡಕೊಂಡು ನಿಂತಿದ್ಲು. ಮುಖ ಬಿಳಚಿಕೊಂಡಿತ್ತು, ಕಣ್ಣು ಮಾತ್ರ ನೆಟ್ಟಗ ನನ್ನ ಮ್ಯಾಲ ಇದ್ವು. ಎಷ್ಟು ವರಗಳನ್ನ ಆಕಿ ಈ ಒಂದು ಕಡ್ಡಿಲೆ ವಾಪಸ್ ಕಳಿಸಿದ್ಲೋ ದೇವರಿಗೇ ಗೊತ್ತು. ಇವತ್ತು ನನಗೂ ಅದ ಕಡ್ಡಿ ಇಟ್ಟಿದ್ಲು. ಕಡ್ಡಿ ತೋರಿಸಿದ್ರ ಪರೀಕ್ಷಾ ನಾ ಗೆದ್ದಂಗ, ಹುಡುಗಿ ಮಂದಿ ಮುಂದ ಬೈಸಿಕೊಳ್ಳಾಕಿ. ಮೆಲ್ಲಕ ಕಡ್ಡಿ ತಗದು ಅಂಗಿ ಕಿಸೇದಾಗ ಹಾಕಿಕೊಂಡೆ.

"ಏನಾಗಿತ್ರೀ?" ಅಂದ್ರು ಮಾಸ್ತರ್ರು.

"ಧೂಳ ಸರ್."

"ಧೂಳಾ? ನಮ್ಮ ಮನ್ಯಾಗ?" ಅಂತ ಒಳಗಿಂದ ಹುಡುಗಿ ತಾಯಿ ಹೊರಗ ಬಂದ್ರು. "ಎರಡು ಹೊತ್ತು ಕಸ ಹೊಡೀತೀನಿ. ಎಲ್ಲೈತಿ, ತೋರಿಸ್ರಿ ನಿಮ್ಮ ಧೂಳ." ಹುಡುಗಿ ಸೆರಗು ಬಾಯಿಗೆ ಒತ್ತಿಕೊಂಡು ನಕ್ಲು.

ಮತ್ತ ಹಚ್ಚಿದೆ. ಎಲ್ಲರೂ ಪರದೆ ನೋಡಕೋತ ಕುಂತ್ರು. ಹತ್ತು ನಿಮಿಷ ಹೋತು, ತಾಸು ಹೋತು, ಮಿರ್ಚಿ ಖಾಲಿ ಆತು, ಕಂಪ್ಯೂಟರ್ ನಿಲ್ಲವಲ್ದು. ಮಾವ ಮೀಸಿ ತಿರುವಾಕ ಹತ್ತಿದ. ಮಾಸ್ತರ್ರು ಎದ್ದು ನಿಂತು, "ಮಗಳನ್ನ ಕೊಟ್ಟೆ," ಅಂದ್ರು.

ಬಾಯಿಗೆ ಬಂದ ಲಡ್ಡು. ಆದ್ರೂ, "ಸರ್, ಮೊದಲ ಅವರನ್ನ ಕೇಳ್ರಿ. ಅವರು ಬ್ಯಾಡಂದ್ರ ನಾವು ಈಗಿನ ಬಸ್ಸಿಗೆ ಹೋಗ್ತೀವಿ," ಅಂದೆ. ನಮ್ಮ ಮಾವ ನನ್ನ ತೊಡಿ ಚಿವುಟಿದ. "ಬಂದವರೆಲ್ಲಾ ಕಂಪ್ಯೂಟರ್ ನೋಡಿದ್ರು, ಹುಡುಗೀನ ಕೇಳ್ರಿ ಅಂದವರು ನೀವೊಬ್ಬರ," ಅಂತ ಆಕಿ ಲಗ್ನ ಆದ ಮ್ಯಾಲ ಹೇಳಿದ್ಲು.

ಅವತ್ತು ಮಾತ್ರ ಆಕಿ ಹೂಂ ಅನ್ನಲಿಲ್ಲ, ಊಹೂಂ ಅನ್ನಲಿಲ್ಲ. ನೆಟ್ಟಗ ನನ್ನ ಮುಂದ ಬಂದು ಕೈ ಚಾಚಿದ್ಲು. "ಇನ್ನೊಂದ್ ಸಲ ಚಾ ಮಾಡ್ತೀನಿ, ಕುಂದರ್ರಿ. ಮನ್ಯಾಗ ಬೆಂಕಿಕಡ್ಡಿ ತೀರ್ಯಾವು. ನಿಮ್ಮ ಕಿಸೇದಾಗ ಒಂದು ಐತಲ್ಲ, ಕೊಡ್ರಿ."

ಹೂಂ ಅಂದಂಗ ಆತು, ನಾ ಕುಣೀಯೋದೊಂದ ಬಾಕಿ. ಕಡ್ಡಿ ತಗದು ಆಕಿ ಕೈಯಾಗ ಇಟ್ಟೆ. ಆಕಿ ನಕ್ಕೋತ ಒಳಗ ಹೋದ್ಲು.

ಮಾಸ್ತರ್ರು ನನ್ನ ಕಿಸೆ ನೋಡಿದ್ರು, ನನ್ನ ತುಟಿ ನೋಡಿದ್ರು, ಆಮೇಲೆ ಮಾವನ ಕಿವಿ ಹತ್ರ ಬಾಗಿ, "ಎಲ್ಲಾ ಛಲೋ ಐತ್ರೀ. ಆದ್ರ ಹುಡುಗ ಬೀಡಿ ಸೇದ್ತಾನಂತ ನೀವು ಮೊದಲ ಹೇಳಬೇಕಾಗಿತ್ತು," ಅಂದ್ರು.

ಲಗ್ನ ಆಗಿ ಎಷ್ಟೋ ವರ್ಷ ಆತು. ನಾ ಬೀಡಿ ಮುಟ್ಟಿದವನಲ್ಲ, ಆಕಿ ಗುಟ್ಟು ಬಿಟ್ಟುಕೊಟ್ಟವನೂ ಅಲ್ಲ. ಇವತ್ತಿಗೂ ಲಿಂಗಸುಗೂರಿಗೆ ಹೋದ್ರ ನಮ್ಮ ಮಾಸ್ತರ್ ಮಾವ ಬಾಗಿಲಾಗ ನನ್ನ ಅಪ್ಪಿಕೊಳ್ತಾರ. ಮಂದಿ ಅದನ್ನ ಪ್ರೀತಿ ಅಂತ ತಿಳಕೊಂಡಾರ. ಅವರು ನನ್ನ ಅಂಗಿ ಮೂಸಿ ನೋಡ್ತಾರ.